ತೆರಿಗೆ ಈಗಾಗಲೇ ಇದೆ ಸ್ವಾಮಿ, ದುಡ್ಡೆಲ್ಲಿ?

ಅಂದಕ್ಕೆ ಮಾಡಿಸುವ ಸರ್ಜರಿಗೆ ತೆರಿಗೆ ಹಾಕಿ, ಆ ದುಡ್ಡಲ್ಲಿ ಸರ್ಕಾರಿ ಆಸ್ಪತ್ರೆ ನಡೆಸಿ ಅಂತ ಲೇಖನವೊಂದರಲ್ಲಿ ಅದರ ಲೇಖಕರು ಹೇಳಿದ್ದಾರೆ. ಆದರೆ ನಮ್ಮಲ್ಲಿ ಆ ತೆರಿಗೆ ಈಗಾಗಲೇ ಇದೆ. ಸಾಮಾನ್ಯ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ, ಕೂದಲು ಕಸಿಗೆ, ಮೂಗು ತಿದ್ದಿಸಿಕೊಳ್ಳೋದಕ್ಕೆ ಶೇ 18 ಇದೆ. ಅಪಘಾತ, ಸುಟ್ಟ ಗಾಯ, ಹುಟ್ಟಿನಿಂದ ಬಂದ ಸೀಳುತುಟಿ ಇಂಥದ್ದಕ್ಕೆ ವಿನಾಯಿತಿ. ಅದು ಸರಿಯಾಗೇ ಇದೆ.

ನನ್ನ ತಕರಾರು ಬೇರೆ. ಆ ಹಣ ಉಳಿದ ಜಿಎಸ್‌ಟಿ ಜೊತೆ ಸೇರಿ ಹೋಗುತ್ತದೆ, ಇದು ಆರೋಗ್ಯಕ್ಕೇ ಅಂತ ಯಾರೂ ತೆಗೆದಿಡುವುದಿಲ್ಲ. ಆದಾಯ ತೆರಿಗೆ ಮೇಲೆ ಶೇ 4 ಆರೋಗ್ಯ ಮತ್ತು ಶಿಕ್ಷಣ ಸೆಸ್ (ಒಂದು ಉದ್ದೇಶಕ್ಕೆಂದೇ ಹಾಕುವ ಹೆಚ್ಚುವರಿ ತೆರಿಗೆ) ಬೇರೆ ಕಟ್ಟುತ್ತೇವೆ, ಸೆಸ್ ಆದ್ದರಿಂದ ಕೇಂದ್ರ ಅದನ್ನು ರಾಜ್ಯಗಳಿಗೆ ಹಂಚಬೇಕಾಗಿಲ್ಲ, ಆದರೆ ಜಿಲ್ಲಾಸ್ಪತ್ರೆ ನಡೆಸುವುದು ರಾಜ್ಯ ಅಲ್ವಾ?

ಇನ್ನು ಅಂದದ ಸರ್ಜರಿ ಮೇಲಿನ ತೆರಿಗೆಯಿಂದ ಜಾಸ್ತಿ ಏನೂ ಹುಟ್ಟುವುದಿಲ್ಲ. ಅಮೆರಿಕದ ನ್ಯೂಜೆರ್ಸಿ 2004ರಲ್ಲಿ ಕಾಸ್ಮೆಟಿಕ್ ಸರ್ಜರಿಗೆ ಶೇ 6 ಹಾಕಿ ನೋಡಿತು. ಎಣಿಸಿದಷ್ಟು ಬರಲಿಲ್ಲ, ಕೊನೆಗೆ ರದ್ದು ಮಾಡಿದರು.

ಅದಿರಲಿ, 2022ರಲ್ಲಿ ದಿನಕ್ಕೆ 5,000 ರೂಪಾಯಿ ಮೀರಿದ ಆಸ್ಪತ್ರೆ ರೂಮಿಗೂ, ಐಸಿಯು ಬಿಟ್ಟು, ಶೇ 5 ಜಿಎಸ್‌ಟಿ ಹಾಕಿದರಲ್ಲ, ಅದು ಯಾವ ಶೋಕಿಗೆ?