ಬಾವುಟ ಕಟ್ಟಿದ ಮನೆ, ಕಟ್ಟದ ಮನೆ

ನಾನಿರುವ ಡೆನ್ಮಾರ್ಕಿನಲ್ಲಿ ಹುಟ್ಟುಹಬ್ಬದ ಕೇಕಿಗೆ ದೇಶದ ಬಾವುಟ ಚುಚ್ಚುತ್ತಾರೆ. ಕಡ್ಡಿಗೆ ಅಂಟಿಸಿದ ಪುಟ್ಟ ಕಾಗದದ ಬಾವುಟ, ಕೆಂಪು ಬಣ್ಣದ ಮೇಲೆ ಬಿಳಿ ಶಿಲುಬೆ. ಆಫೀಸಿನಲ್ಲಿ ಯಾರದಾದರೂ ಹುಟ್ಟುಹಬ್ಬವಿದ್ದರೆ ಅವರ ಮೇಜಿನ ಮೇಲೆ ಗೇಣುದ್ದದ ಕಂಬವೊಂದು ಬಾವುಟ ಹೊತ್ತು ಬಂದು ಕೂತಿರುತ್ತದೆ. ಕ್ರಿಸ್‌ಮಸ್ ಮರಕ್ಕೆ ಬಾವುಟಗಳ ಸರ ಸುತ್ತುತ್ತಾರೆ. ಪರದೇಶದಿಂದ ಬರುವ ಮೊಮ್ಮಕ್ಕಳನ್ನು ಎದುರುಗೊಳ್ಳಲು ವಿಮಾನ ನಿಲ್ದಾಣದಲ್ಲಿ ನಿಂತ ಅಜ್ಜ-ಅಜ್ಜಿಯರ ಕೈಯಲ್ಲೂ ಅದೇ. ರಾಜಮನೆತನದವರ ಹುಟ್ಟುಹಬ್ಬದ ದಿನ ಕೋಪನ್‌ಹೇಗನ್ನಿನ ಸಿಟಿ ಬಸ್ಸುಗಳು ಮುಂದುಗಡೆ ಬಾವುಟ ಸಿಕ್ಕಿಸಿಕೊಂಡು ಓಡುತ್ತವೆ. ಇಸ್ತ್ರಿ ಮಾಡಿದ ಯೂನಿಫಾರ್ಮ್ ತೊಟ್ಟು, ಸಾಲಾಗಿ ನಿಂತು, ಸೆಲ್ಯೂಟ್ ಹೊಡೆದು ಬಾವುಟ ನೋಡಿ ಬೆಳೆದವನು ನಾನು. ತಿಂದು ಮುಗಿಸಿದ ತಟ್ಟೆಯಲ್ಲಿ ಕ್ರೀಮು ಮೆತ್ತಿಕೊಂಡು ಬಿದ್ದ ರಾಷ್ಟ್ರಧ್ವಜ ನೋಡಿ ಮೊದಮೊದಲು ನನಗೆ ಕಸಿವಿಸಿಯಾಗುತ್ತಿತ್ತು.

ಹಾಗಂತ ಇವರಿಗೆ ಬಾವುಟದ ಮೇಲೆ ಗೌರವ ಕಡಿಮೆ ಎನ್ನುವಂತಿಲ್ಲ. ನಮ್ಮ ಪಕ್ಕದ ಮನೆಯ ತೋಟದಲ್ಲಿ ಬಿಳಿ ಕಂಬವಿದೆ. ಯಜಮಾನರು ಕೆಲಸದಿಂದ ನಿವೃತ್ತರಾದವರು. ಮೊಮ್ಮಗಳು ಹುಟ್ಟಿದ ದಿನ, ತಮ್ಮ ಮದುವೆಯ ದಿನ, ಮಗ ಡಿಗ್ರಿ ಮುಗಿಸಿದ ದಿನ ಬಾವುಟ ಏರಿಸುತ್ತಾರೆ. ಸೂರ್ಯ ಮುಳುಗುವುದರೊಳಗೆ ಅದು ಕೆಳಗಿಳಿಯಲೇಬೇಕು. ಇಳಿಸುವಾಗ ಒಂದು ಕೈಯಲ್ಲಿ ಹಗ್ಗ ಸಡಿಲಿಸುತ್ತಾ ಇನ್ನೊಂದು ಕೈಯಿಂದ ಬಟ್ಟೆಯನ್ನು ಎದೆಗೆ ಬಾಚಿಕೊಳ್ಳುತ್ತಾರೆ, ಅದರ ಅಂಚು ಹುಲ್ಲಿಗೆ ತಾಗಬಾರದು. ಗಾಳಿ ಜೋರಾಗಿದ್ದರೆ ಹೆಂಡತಿಯನ್ನು ಕೂಗುತ್ತಾರೆ. ಇಬ್ಬರೂ ಎರಡು ತುದಿ ಹಿಡಿದು, ನಮ್ಮಲ್ಲಿ ಒಣಗಿದ ಸೀರೆ ಮಡಚುವ ಹಾಗೆ ಮಡಚಿ ಒಳಗೆ ಕೊಂಡೊಯ್ಯುತ್ತಾರೆ. 1940ರಲ್ಲಿ ಜರ್ಮನ್ ಸೈನ್ಯ ನುಗ್ಗಿದ ಏಪ್ರಿಲ್ 9 ಬಂದರೆ ಮಧ್ಯಾಹ್ನದವರೆಗೆ ಬಾವುಟ ಅರ್ಧಕ್ಕೆ ಇಳಿದಿರುತ್ತದೆ.

ಅವರ ಎದುರು ಮನೆಯಲ್ಲಿ ಕಂಬವೇ ಇಲ್ಲ. ಆ ಮನೆಯವರ ದೇಶಪ್ರೇಮದ ಬಗ್ಗೆ ಯಾರೂ ಒಂದು ಮಾತು ಆಡಿದ್ದನ್ನು ನಾನು ಕೇಳಿಲ್ಲ. ಇಲ್ಲಿನ ರೂಢಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಬಾವುಟ ಮನೆಯ ಸಂತೋಷವನ್ನು ಬೀದಿಗೆ ಹೇಳುತ್ತದೆ. ಏರಿಸದಿದ್ದರೆ ಈ ಹೊತ್ತು ಅವರ ಮನೆಯಲ್ಲಿ ವಿಶೇಷವೇನೂ ಇಲ್ಲ ಅಂದುಕೊಳ್ಳುತ್ತಾರೆ, ಅಷ್ಟೇ. ಒಂದು ಕಾಲಕ್ಕೆ ಇಲ್ಲೂ ಬಾವುಟ ರಾಜನದ್ದು, ಸೈನ್ಯದ್ದು, ಹಡಗಿನದ್ದು. 1834ರಲ್ಲಿ ಸಾಮಾನ್ಯ ಜನ ಹಾರಿಸುವುದನ್ನು ನಿಷೇಧಿಸಿದ್ದರು, 1854ರಲ್ಲಿ ಬಿಟ್ಟುಕೊಟ್ಟರು. ಅಲ್ಲಿಂದೀಚೆಗೆ ತಲೆಮಾರುಗಳ ಕಾಲ ಮನೆಯೊಳಗೆ ಓಡಾಡಿ ಪಳಗಿದ ಬಾವುಟ ಇದು.

ಹಾಗೆಂದು ಡೇನರದ್ದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ಬೇರೆ ದೇಶದ ಬಾವುಟವನ್ನು ಕಂಬಕ್ಕೆ ಏರಿಸಬಾರದೆಂಬ ನಿಯಮ ಇಲ್ಲಿ 1915ರಿಂದ ಇತ್ತು. ತನ್ನ ಮನೆಯಲ್ಲಿ ಅಮೆರಿಕದ ಬಾವುಟ ಹಾರಿಸಿದವನೊಬ್ಬನ ಮೊಕದ್ದಮೆಯಲ್ಲಿ 2023ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಆ ನಿಯಮಕ್ಕೆ ಕಾನೂನಿನ ಆಧಾರವಿಲ್ಲವೆಂದಿತು. ಸಂಸತ್ತು ಸುಮ್ಮನಿರಲಿಲ್ಲ, ಹೊಸ ಕಾಯ್ದೆಯನ್ನೇ ತಂದಿತು. 2025ರ ಜನವರಿಯಿಂದ, ನೆರೆಯ ಕೆಲವು ದೇಶಗಳದ್ದನ್ನು ಬಿಟ್ಟರೆ, ಪರದೇಶದ ಬಾವುಟವನ್ನು ಅನುಮತಿಯಿಲ್ಲದೆ ಕಂಬಕ್ಕೆ ಏರಿಸುವಂತಿಲ್ಲ. ಅಂದರೆ ಆಗಸ್ಟ್ 15ರಂದು ನಾನು ನನ್ನ ತೋಟದ ಕಂಬಕ್ಕೆ ತ್ರಿವರ್ಣ ಏರಿಸಬೇಕಾದರೆ ಅರ್ಜಿ ಹಿಡಿದು ಹೋಗಬೇಕು. ಇದು ನನಗೆ ನೋವಿನ ವಿಷಯ. ಈ ದೇಶದ ಬಾವುಟದ ಪಕ್ಕದಲ್ಲಿ ನನ್ನ ದೇಶದ್ದೂ ಒಂದು ದಿನ ಹಾರಿದರೆ ಯಾರದ್ದೂ ಮರ್ಯಾದೆ ಹೋಗುವುದಿಲ್ಲ.

ಎರಡು ಬಾವುಟ ಜೊತೆಯಲ್ಲಿ ಹಾರಬಹುದೆಂದು ನಮ್ಮ ಮೈಸೂರು ಸಂಸ್ಥಾನ 1938ರಲ್ಲೇ ಒಪ್ಪಿಕೊಂಡಿತ್ತು, ಜೀವಗಳು ಹೋದ ಮೇಲೆ. ಆ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಮೈಸೂರು ಕಾಂಗ್ರೆಸ್ ಅಧಿವೇಶನ ನಿಷೇಧ ಮುರಿದು ಕಾಂಗ್ರೆಸ್ಸಿನ ಧ್ವಜ ಹಾರಿಸಿತು. ಅದೇ ತಿಂಗಳ 25ರಂದು ಗೌರಿಬಿದನೂರು ಸೀಮೆಯ ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿಯೇ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತಕ್ಕೂ ಹೆಚ್ಚು ಎಂದು ಆ ಕಡೆಯ ಜನ ಹೇಳುತ್ತಾರೆ, ಸರ್ಕಾರದ ಲೆಕ್ಕ ತುಂಬಾ ಕಡಿಮೆ. ಆಮೇಲೆ ವಲ್ಲಭಭಾಯಿ ಪಟೇಲರು, ಕೃಪಲಾನಿಯವರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಕೂತು ಮಾತಾಡಿದರು. ಸಂಸ್ಥಾನದ ಧ್ವಜದ ಜೊತೆ ಕಾಂಗ್ರೆಸ್ಸಿನ ಧ್ವಜವೂ ಹಾರಲು ಒಪ್ಪಂದವಾಯಿತು. ಅಶ್ವತ್ಥದ ಸುತ್ತ ಸಾವಿರಾರು ನಾಗರಕಲ್ಲು ನಿಂತ ಆ ಜಾಗಕ್ಕೆ ಅಪ್ಪ ನಮ್ಮನ್ನು ಕರೆದುಕೊಂಡು ಹೋಗಿದ್ದರು. ಪ್ರದಕ್ಷಿಣೆ ಮುಗಿಸಿ, ಹುತಾತ್ಮರ ಸ್ಮಾರಕದ ಮುಂದೆ ಚಪ್ಪಲಿ ಬಿಟ್ಟು ನಿಲ್ಲಿ ಅಂದರು. ಕೇಕಿಗೆ ಚುಚ್ಚಿದ ಬಾವುಟ ಕಂಡು ನನಗೆ ಕಸಿವಿಸಿಯಾಗುವುದರ ಬೇರು ಅಲ್ಲಿದೆ. ಡೇನರ ಬಾವುಟ 1219ರಲ್ಲಿ ಯುದ್ಧದ ನಡುವೆ ಆಕಾಶದಿಂದ ಬಿತ್ತೆಂದು ಅವರ ಐತಿಹ್ಯ. ನಮ್ಮದನ್ನು ನೆಲದ ಜನ ಲಾಠಿ, ಗುಂಡು ತಿಂದು ಎತ್ತಿ ಹಿಡಿದರು. ನಮ್ಮ ಬಾವುಟಕ್ಕೆ ನಾವು ತೋರುವ ಬಿಗಿ ಗೌರವ ಹಾಗೇ ಇರಲಿ ಎಂದೇ ನನ್ನ ಆಸೆ.

ಆದರೆ ಬಾವುಟಕ್ಕೆ ಗೌರವ ತೋರುವುದೇ ಬೇರೆ, ಯಾರು ತೋರಲಿಲ್ಲ ಎಂದು ಪಟ್ಟಿ ಮಾಡುವುದೇ ಬೇರೆ. ನಮ್ಮಲ್ಲಿ ಕೆಲವೇ ರಾಷ್ಟ್ರೀಯ ದಿನಗಳನ್ನು ಬಿಟ್ಟರೆ ಸಾಮಾನ್ಯರು ಮನೆಯಲ್ಲಿ ಬಾವುಟ ಹಾರಿಸುವಂತೆಯೇ ಇರಲಿಲ್ಲ. 2002ರ ಧ್ವಜ ಸಂಹಿತೆ ಅದನ್ನು ಸಡಿಲಿಸಿತು. ಉದ್ಯಮಿ ನವೀನ್ ಜಿಂದಾಲ್ ಮೊಕದ್ದಮೆಯಲ್ಲಿ 2004ರ ಜನವರಿ 23ರಂದು ಸುಪ್ರೀಂ ಕೋರ್ಟ್ ಗೌರವದಿಂದ ಧ್ವಜ ಹಾರಿಸುವುದು ಪ್ರಜೆಯ ಮೂಲಭೂತ ಹಕ್ಕು ಎಂದಿತು. 2022ರಲ್ಲಿ ಮನೆಯ ಮೇಲೆ ಹಗಲೂ ರಾತ್ರಿ ಹಾರಿಸಬಹುದು ಎಂದಾಯಿತು, ಮನೆಮನೆಗೂ ಬಾವುಟ ಎನ್ನುವ ಸರ್ಕಾರದ ಹರ್ ಘರ್ ತಿರಂಗಾ ಅಭಿಯಾನ ಬಂತು, ಪೋಸ್ಟಾಫೀಸಿನಲ್ಲಿ 25 ರೂಪಾಯಿಗೆ ಬಾವುಟ ಸಿಕ್ಕಿತು. ಇದೆಲ್ಲ ಸಂತೋಷದ ವಿಷಯವೇ. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ಆಗ ಆದದ್ದು ಮಾತ್ರ ಸಂತೋಷದ್ದಲ್ಲ. ಯಾರೋ ಇಡೀ ಬ್ಲಾಕಿನ ಫೋಟೊ ತೆಗೆದು, ಬಾವುಟ ಕಾಣದ ಬಾಲ್ಕನಿಗಳಿಗೆಲ್ಲ ಕೆಂಪು ವೃತ್ತ ಎಳೆದು ವಾಟ್ಸಾಪ್ ಗ್ರೂಪಿಗೆ ಹಾಕಿದರು. ವೃತ್ತ ಬಿದ್ದ ಒಂದು ಮನೆಯಲ್ಲಿ ಹಿರಿಯರು ತೀರಿಕೊಂಡು ಸೂತಕವಿತ್ತು, ಬಾಗಿಲು ಹಾಕಿಕೊಂಡು ಎಲ್ಲರೂ ಊರಿಗೆ ಹೋಗಿದ್ದರು. ಇನ್ನೊಂದು ಮನೆಯವರು ರಾತ್ರಿ ಒಂಬತ್ತಕ್ಕೆ ಅಂಗಡಿ ಹುಡುಕಿಕೊಂಡು ಹೋಗಿ ಬಾವುಟ ತಂದರು. "ಕಟ್ಟಿಬಿಟ್ರೆ ಒಳ್ಳೇದು ಕಣೋ, ಇಲ್ದಿದ್ರೆ ಗ್ರೂಪಲ್ಲಿ ಕೇಳ್ತಾರೆ" ಎಂದಳು ಅಕ್ಕ. ಆ ಮಾತು ಕೇಳಿ ನನಗೆ ಸಂಕಟವಾಯಿತು. ಪೊಲೀಸರ ಗುಂಡಿಗೆ ಎದೆಯೊಡ್ಡಿ ಹಾರಿಸಿದ ಬಾವುಟವನ್ನು ಈಗ ಪಕ್ಕದ ಮನೆಯವರಿಗೆ ಹೆದರಿ ಕಟ್ಟುವುದೆಂದರೆ ಏನು?

ಹಾಗೆ ಕಟ್ಟಿದ ಬಾವುಟದ ಗತಿಯನ್ನೂ ಕಂಡೆ. ನವೆಂಬರಿನಲ್ಲಿ ಊರಿಗೆ ಹೋದಾಗ ಅದೇ ಬ್ಲಾಕಿನ ಬಾಲ್ಕನಿಗಳ ಸರಳಿನಲ್ಲಿ ಆಗಸ್ಟಿನ ಬಾವುಟಗಳು ಇನ್ನೂ ಇದ್ದವು. ಮಳೆ ಬಿಸಿಲಿಗೆ ಕೇಸರಿ ಹೋಗಿ ಹಳದಿಗೆ ತಿರುಗಿತ್ತು, ಹಸಿರಿನ ಅಂಚು ಎಳೆ ಎಳೆಯಾಗಿ ಬಿಚ್ಚಿತ್ತು, ಒಂದರ ಕೋಲು ಮುರಿದು ಬಾವುಟ ತಲೆಕೆಳಗಾಗಿ ಪಾರಿವಾಳದ ಹಿಕ್ಕೆಯ ಮೇಲೆ ಜೋತಾಡುತ್ತಿತ್ತು. ಹರಿದ, ಮಾಸಿದ ಧ್ವಜ ಪ್ರದರ್ಶಿಸಬಾರದು, ಅದನ್ನು ಏಕಾಂತದಲ್ಲಿ ಗೌರವದಿಂದ ವಿಲೇವಾರಿ ಮಾಡಬೇಕು ಎಂದು ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಆಗಸ್ಟಿನಲ್ಲಿ ವೃತ್ತ ಎಳೆದವರು ನವೆಂಬರಿನಲ್ಲಿ ಇದರ ಫೋಟೊ ಹಾಕಲಿಲ್ಲ.

ಹುಬ್ಬಳ್ಳಿಯ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಬಗ್ಗೆ ಪ್ರತಿಯೊಬ್ಬ ಕನ್ನಡಿಗನಿಗೂ ಹೆಮ್ಮೆ ಇರಬೇಕು. ಗರಗ, ತುಳಸಿಗೇರಿಯ ಕಡೆಯ ಖಾದಿ ಅಲ್ಲಿಗೆ ಬಂದು ಧ್ವಜವಾಗುತ್ತದೆ. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರ ಅಚ್ಚೊತ್ತುವುದು, ಹೊಲಿಯುವುದು, ಹಗ್ಗ ಕೂಡಿಸುವುದು, ಹೀಗೆ ಒಂದೊಂದೂ ಸರಕುಗಳ ಗುಣಮಟ್ಟ ನಿಗದಿ ಮಾಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಅಳತೆಗೆ ಸರಿಯಾಗಿರಬೇಕು. 24 ಗೆರೆಯ ಚಕ್ರ ಬಟ್ಟೆಯ ಎರಡೂ ಬದಿಯಲ್ಲಿ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಕೆಲಸಗಾರರಲ್ಲಿ ಬಹುಪಾಲು ಹೆಣ್ಣುಮಕ್ಕಳು. 2021ರ ಡಿಸೆಂಬರಿನಲ್ಲಿ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು, ಈ ಕೈಗಳ ಕೆಲಸಕ್ಕೆ ಪೆಟ್ಟು ಬಿತ್ತು. ದೇಶದ ಮನೆಮನೆಗೂ ಖಾದಿ ಧ್ವಜ ಒದಗಿಸಲು ಆಗುವುದಿಲ್ಲ ಎಂಬ ವಾದ ನನಗೆ ಅರ್ಥವಾಗುತ್ತದೆ. ಆದರೂ ವರ್ಷ ವರ್ಷ ಎಸೆಯುವ ಹತ್ತು ಪಾಲಿಯೆಸ್ಟರ್ ಬಾವುಟಕ್ಕಿಂತ ಜತನದಿಂದ ಮಡಚಿಟ್ಟು ಮತ್ತೆ ತೆಗೆಯುವ ಒಂದು ಬೆಂಗೇರಿ ಬಾವುಟ ಮೇಲು ಎಂದು ನಾನು ಹಟ ಹಿಡಿದೇ ಹೇಳುತ್ತೇನೆ.

ಅದೇ ಹುಬ್ಬಳ್ಳಿಯಲ್ಲಿ 1994ರ ಆಗಸ್ಟ್ 15ರಂದು, ಈದ್ಗಾ ಮೈದಾನದಲ್ಲಿ ಧ್ವಜ ಹಾರಿಸುವ ವಿವಾದದಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ಧ್ವಜ ಹೊಲಿಯುವ ಊರಿನಲ್ಲಿ ಧ್ವಜದ ಹೆಸರಿನಲ್ಲಿ, ಅದೂ ಸ್ವಾತಂತ್ರ್ಯ ಬಂದು ಅರ್ಧ ಶತಮಾನವಾಗುವ ಹೊತ್ತಿಗೆ. ನನ್ನ ದೇಶಪ್ರೇಮ ನೋಡು ಎನ್ನುವುದು ನಿನ್ನದು ಎಲ್ಲಿ ತೋರಿಸು ಎಂದಾದಾಗ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಬೇರೆ ದೇಶದ ಉದಾಹರಣೆ ಹುಡುಕಬೇಕಾಗಿಲ್ಲ.

ಡೆನ್ಮಾರ್ಕಿನ ಗಡಿ ದಾಟಿ ಜರ್ಮನಿಗೆ ಹೋದರೆ ಮನೆಯ ಮೇಲೆ ಬಾವುಟ ಕಾಣುವುದೇ ಅಪರೂಪ. ಹಿಟ್ಲರನ ಕಾಲ ಅವರಿಗೆ ಕಲಿಸಿದ ಎಚ್ಚರ ಅದು. 2006ರ ಫುಟ್‌ಬಾಲ್ ವಿಶ್ವಕಪ್ಪಿನ ಬೇಸಿಗೆಯಲ್ಲಿ ಜನ ನಿರಾಳವಾಗಿ ಬಾವುಟ ಬೀಸಿದಾಗ ಇದು ಒಳ್ಳೆಯದೋ ಅಲ್ಲವೋ ಎಂದು ದೇಶವೇ ಚರ್ಚೆಗೆ ಕೂತಿತು. ಬಾವುಟ ಕಟ್ಟದ ಆ ಜನ ತಮ್ಮ ದೇಶವನ್ನು ಕಟ್ಟಿಕೊಂಡಿದ್ದು ಜಗತ್ತಿಗೇ ಕಾಣುತ್ತದೆ.

ನಮ್ಮ ಸಂವಿಧಾನಕ್ಕೂ ಇದು ಗೊತ್ತಿತ್ತು. ಕೇರಳದ ಶಾಲೆಯೊಂದರಿಂದ ಮೂವರು ಮಕ್ಕಳನ್ನು ಹೊರಹಾಕಿದ ಮೊಕದ್ದಮೆ, ಬಿಜೋ ಇಮ್ಯಾನುಯೆಲ್ ಪ್ರಕರಣ, 1986ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ರಾಷ್ಟ್ರಗೀತೆಗೆ ಅವರು ಎದ್ದು ನಿಲ್ಲುತ್ತಿದ್ದರು, ಧರ್ಮದ ನಂಬಿಕೆಯಿಂದಾಗಿ ಹಾಡುತ್ತಿರಲಿಲ್ಲ. ಗೌರವದಿಂದ ಎದ್ದು ನಿಂತಿದ್ದಾರೆ, ಹಾಡದೆ ಇರುವುದು ಅಪಮಾನವಲ್ಲ ಎಂದು ನ್ಯಾಯಾಲಯ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಲು ಹೇಳಿತು. ಆ ತೀರ್ಪು ನಿಂತಿದ್ದು ಅಭಿವ್ಯಕ್ತಿ ಸ್ವಾತಂತ್ರ್ಯದ 19(1)(ಎ) ವಿಧಿಯ ಮೇಲೆ, ಜೊತೆಗೆ ಧರ್ಮ ಸ್ವಾತಂತ್ರ್ಯದ 25ನೇ ವಿಧಿಯ ಮೇಲೆ. ಜಿಂದಾಲರಿಗೆ ಧ್ವಜ ಹಾರಿಸುವ ಹಕ್ಕು ಕೊಟ್ಟಿದ್ದೂ ಅದೇ 19(1)(ಎ). ನನ್ನ ಬಾಲ್ಕನಿಯಲ್ಲಿ ಬಾವುಟ ಕಟ್ಟುವ ಹಕ್ಕು, ಪಕ್ಕದವರು ಕಟ್ಟದೆ ಇರುವ ಹಕ್ಕು, ಎರಡೂ ಬಂದದ್ದು ಒಂದೇ ವಿಧಿಯಿಂದ.

ಅಕ್ಕನ ಅಪಾರ್ಟ್‌ಮೆಂಟಿನವರಿಗೆ ಮತ್ತು ಇಂಥ ಎಲ್ಲ ಸಂಘದವರಿಗೆ ನನ್ನ ಬೇಡಿಕೆ ಇಷ್ಟು. ಆಗಸ್ಟ್ 15ರ ಬೆಳಿಗ್ಗೆ ಕೆಳಗೆ ಅಂಗಳದಲ್ಲಿ ಬೆಂಗೇರಿಯ ಒಂದು ದೊಡ್ಡ ಧ್ವಜ ಏರಿಸಿ, ಬರುವವರೆಲ್ಲ ಬರಲಿ. ಬಾಲ್ಕನಿಯಲ್ಲಿ ಕಟ್ಟುವವರು ಕಟ್ಟಲಿ. 16ರಂದು ಗೇಟಿನ ಹತ್ತಿರ ಒಂದು ಪೆಟ್ಟಿಗೆ ಇಟ್ಟು ಮಾಸಿದ, ಹರಿದ ಬಾವುಟ ಸಂಗ್ರಹಿಸಿ, ಸಂಹಿತೆಯಲ್ಲಿ ಹೇಳಿದ ಹಾಗೆ ವಿಲೇವಾರಿ ಮಾಡಿ. ಬಾಲ್ಕನಿಗಳ ಫೋಟೊ ಮಾತ್ರ ಯಾರೂ ತೆಗೆಯಬೇಡಿ.