ಬೋರ್ಡಿಗೆ ಸುದ್ದಿ ಹೇಳೋರು ಯಾರು?

ನಮ್ಮ ಕಡೆಯ ಒಂದು ಹೈವೇ, ರಾತ್ರಿ ಎಂಟು ಗಂಟೆ. ಮೆಕ್ಕೆಜೋಳದ ಚೀಲ ಹೇರಿದ್ದ ಟ್ರ್ಯಾಕ್ಟರ್ ಟ್ರೇಲರಿನ ಆಕ್ಸಲ್ ಮುರಿದು ಲೇನ್ ಮಧ್ಯದಲ್ಲೇ ಕೂತಿದೆ. ಹಿಂದೆ ರಿಫ್ಲೆಕ್ಟರ್ ಇಲ್ಲ. ನಾಲ್ಕು ಕಲ್ಲಿಟ್ಟು ಬೇವಿನ ಟೊಂಗೆ ಸಿಕ್ಕಿಸಿದ್ದಾರೆ, ಎಚ್ಚರಿಕೆ ಅಂದ್ರೆ ಅಷ್ಟೇ. ಅದರ ಹಿಂದೆ ಲಾರಿ ಸಾಲು. ಆ ಸಾಲಿನ ಬಾಲ ಎಲ್ಲಿ ಮುಗಿಯುತ್ತೋ ಸರಿಯಾಗಿ ಅಲ್ಲೇ, ರಸ್ತೆಗೆ ಅಡ್ಡ ನಿಂತ ದೊಡ್ಡ ಎಲೆಕ್ಟ್ರಾನಿಕ್ ಬೋರ್ಡು ಥಳಥಳ ಹೊಳೀತಿತ್ತು: ‘ಹ್ಯಾಪಿ ಜರ್ನಿ’. ಅದೂ ಇಂಗ್ಲಿಷಿನಲ್ಲಿ.

ಯಾವ ಹೈವೇ, ಯಾರ ಬೋರ್ಡು ಅಂತ ಕೇಳಬೇಡ್ರಿ. ಬೋರ್ಡು ಕೆಟ್ಟಿರಲಿಲ್ಲ, ಒಂದು ದೀಪವೂ ಸತ್ತಿರಲಿಲ್ಲ. ಪಕ್ಕದ ಕಂಬದ ಕ್ಯಾಮೆರಾನೂ ಚೆನ್ನಾಗೇ ಇತ್ತು ಅನ್ಸುತ್ತೆ. ಕ್ಯಾಮೆರಾ ಕಂಡದ್ದನ್ನು ಬೋರ್ಡಿಗೆ ಹೇಳೋರು ಯಾರು, ಎಷ್ಟು ನಿಮಿಷದಲ್ಲಿ ಹೇಳಬೇಕು ಅನ್ನೋದನ್ನ ಮಾತ್ರ ಯಾರೂ ಕೂತು ಬರೆದಿರಲಿಲ್ಲ. ನನ್ನ ಸಿಟ್ಟೆಲ್ಲ ಇದೊಂದರ ಮೇಲೆ. ಮುಂದೆ ಏನೇ ಬರೆದರೂ ಸುತ್ತಿ ಸುತ್ತಿ ಇಲ್ಲಿಗೇ ಬರ್ತೀನಿ.

ಕ್ಯಾಮೆರಾ, ಬೋರ್ಡು, ಕಂಪ್ಯೂಟರ್ ಜೋಡಿಸಿ ಸಂಚಾರ ನಿಭಾಯಿಸೋ ವ್ಯವಸ್ಥೆಗೆ ಇಂಟೆಲಿಜೆಂಟ್ ಟ್ರಾನ್ಸ್‌ಪೋರ್ಟ್ ಸಿಸ್ಟಮ್, ಚಿಕ್ಕದಾಗಿ ಐಟಿಎಸ್, ಅಂತಾರೆ. ಆ ಹೆಸರು ಅಂದ ತಕ್ಷಣ ನಮ್ಮಲ್ಲಿ ಮೊದಲು ತಯಾರಾಗೋದು ಖರೀದಿ ಪಟ್ಟಿ. ಕ್ಯಾಮೆರಾ ಇಷ್ಟು, ಬೋರ್ಡು ಇಷ್ಟು, ಸರ್ವರ್ ಇಷ್ಟು, ಗೋಡೆ ತುಂಬ ಪರದೆ. ಹೆಂಚು ಕಾಯೋಕೆ ಮುಂಚೆ ಬೆಣ್ಣೆ ದೋಸೆ ಹಿಟ್ಟು ಹುಯ್ದಂಗೆ. ಆಮೇಲೆ ದೋಸೆ ಏಳಲಿಲ್ಲ ಅಂತ ಹೆಂಚಿಗೆ ಬೈಯೋದು.

ಅಮೆರಿಕದವರು ಈ ತಪ್ಪನ್ನ ನಮಗಿಂತ ಮೊದಲೇ ಮಾಡಿ ಕೈ ಸುಟ್ಟುಕೊಂಡಿದ್ದಾರೆ. 2001ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಒಂದು ನಿಯಮ ತಂತು. ಕೇಂದ್ರದ ಹೆದ್ದಾರಿ ನಿಧಿಯಿಂದ ಐಟಿಎಸ್‌ಗೆ ಹಣ ಬೇಕಾದರೆ ಆ ಪ್ರದೇಶಕ್ಕೊಂದು ಪ್ರಾದೇಶಿಕ ನಕ್ಷೆ ಇರಬೇಕು. ರಸ್ತೆ ನಕ್ಷೆ ಅಲ್ಲ, ಮಾಹಿತಿಯ ನಕ್ಷೆ: ಯಾವ ಇಲಾಖೆ ಯಾವ ಇಲಾಖೆಗೆ ಏನು ಮಾಹಿತಿ ಕೊಡುತ್ತೆ, ಯಾರ ಜವಾಬ್ದಾರಿ ಎಲ್ಲಿಗೆ ಮುಗಿಯುತ್ತೆ ಅನ್ನೋದು. ಕ್ಯಾಮೆರಾ ಕಂಪನಿ ಹೆಸರು ಅದರಲ್ಲಿ ಎಲ್ಲೂ ಬರೋದಿಲ್ಲ.

ಈಗ ನಮ್ಮ ಎರಡು ಜಿಲ್ಲೆಗೆ, ಚಿತ್ರದುರ್ಗ ದಾವಣಗೆರೆಗೆ, ಬನ್ನಿ. ಹಳೇ ಎನ್‌ಎಚ್ 4, ಈಗಿನ 48, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ ಹಿಡಿದು ಹೋಗುತ್ತೆ. ಹೊಸಪೇಟೆ ಕಡೆಯಿಂದ ಬರೋ ಎನ್‌ಎಚ್ 50 ದುರ್ಗದಲ್ಲಿ ಕೂಡುತ್ತೆ. ಬಳ್ಳಾರಿ, ಚಳ್ಳಕೆರೆ ಕಡೆಯ 150ಎ ಹಿರಿಯೂರಿನಲ್ಲಿ ಸೇರುತ್ತೆ. ರಾಜ್ಯ ಹೆದ್ದಾರಿಗಳು ಲೋಕೋಪಯೋಗಿ ಇಲಾಖೆಯವು. ದಾವಣಗೆರೆ ಊರೊಳಗಿನ ಸಿಗ್ನಲ್‌ಗಳಿಗೆ ಬೇರೆಯೇ ಯಜಮಾನರು. 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಯಲ್ಲೇ ನಮ್ಮೂರು ಇತ್ತಲ್ಲ. ಬಸ್ಸಿನವರು, ಆರ್‌ಟಿಒ, 112, 108, ಹೆದ್ದಾರಿಯ 1033, ಹಿಂಗೆ ಒಂದೊಂದಕ್ಕೂ ಬೇರೆ ಬೇರೆ ಕುರ್ಚಿ.

ದುರ್ಗಕ್ಕೂ ದಾವಣಗೆರೆಗೂ ಮಧ್ಯೆ ರಸ್ತೆ ಕಟ್ಟಿತು ಅಂತಿಟ್ಟುಕೊಳ್ಳಿ. ಹಿರಿಯೂರು ಕಡೆಯಿಂದ ಬರೋರಿಗೆ ದುರ್ಗದ ಮುಂಚೆ ಗೊತ್ತಾಗಬೇಕು, ಹುಬ್ಬಳ್ಳಿ ಕಡೆಯಿಂದ ಬರೋರಿಗೆ ಹರಿಹರದ ಮುಂಚೆ, ಹೊಸಪೇಟೆಯಿಂದ ಬರೋರಿಗೆ 48ಕ್ಕೆ ಇಳಿಯೋ ಮುಂಚೆ. ಕಾರಿನವರನ್ನ ಜಗಳೂರು ಮೇಲೆ ಕಳಿಸಬಹುದು. ಹದಿನಾಲ್ಕು ಚಕ್ರದ ಲಾರಿಯನ್ನ ಹಳ್ಳಿ ಸೇತುವೆ ಮೇಲೆ ಕಳಿಸೋಕಾಗುತ್ತಾ? ಅವರನ್ನ ಹಿಂದೆಯೇ ನಿಲ್ಲಿಸಬೇಕು. ಅಂದ್ರೆ ಒಂದು ಘಟನೆಗೆ ಮೂರು ದಿಕ್ಕಿನ ಬೋರ್ಡು, ಎರಡು ಥರದ ಸಂದೇಶ. ಇದನ್ನ ರಾತ್ರಿ ಎಂಟು ಗಂಟೆಗೆ ಫೋನ್ ಮಾಡಿ ತೀರ್ಮಾನ ಮಾಡೋಕಾಗಲ್ಲ. ಆರು ತಿಂಗಳು ಮೊದಲೇ ಹಾಳೆ ಮೇಲೆ ಇರಬೇಕು.

ಎಷ್ಟು ಬೇಗ ಹೇಳಬೇಕು ಅನ್ನೋದಕ್ಕೆ ಒಂದು ಲೆಕ್ಕ ಹಾಕೋಣ. ಎರಡು ಲೇನಿನಲ್ಲಿ ಗಂಟೆಗೆ 1,500 ವಾಹನ ಬರ್ತಿವೆ, ಒಂದು ಲೇನ್ ಮುಚ್ಚಿದ ಮೇಲೆ 1,100 ಮಾತ್ರ ಸಾಗ್ತಿವೆ ಅಂದ್ಕೊಳ್ಳಿ. ಗಂಟೆಗೆ 400 ಉಳಿತು, ಅರ್ಧ ಗಂಟೆಗೆ 200. ಲಾರಿ ಕಾರು ಸೇರಿ ಒಂದಕ್ಕೆ ಸರಾಸರಿ 12 ಮೀಟರ್ ಹಿಡಿದರೆ, ಎರಡು ಸಾಲಿನಲ್ಲಿ 1.2 ಕಿಲೋಮೀಟರ್. ಬೋರ್ಡು ಅಡಚಣೆಯಿಂದ 500 ಮೀಟರ್ ಹಿಂದಿದ್ದರೆ ಹನ್ನೆರಡು ಹದಿಮೂರು ನಿಮಿಷಕ್ಕೆ ಸಾಲು ಅದರ ಕೆಳಗೇ ಬಂದು ನಿಲ್ಲುತ್ತೆ. ಆಮೇಲೆ ಅದರಲ್ಲಿ ಏನು ಬರೆದರೂ ಓದೋನು ಆಗಲೇ ಸಾಲಿನಲ್ಲಿದ್ದಾನೆ. ಹಾಗಾಗಿ ಪಕ್ಕಕ್ಕೆ ಇಳಿಯೋ ಜಾಗ ಅಥವಾ ಜಂಕ್ಷನ್ ಎಲ್ಲಿದೆಯೋ ಅದಕ್ಕಿಂತ ಒಂದು, ಒಂದೂವರೆ ಕಿ.ಮೀ. ಹಿಂದೆ ಬೋರ್ಡು ನಿಲ್ಲಿಸಬೇಕು. ಕರೆಂಟ್ ಕಂಬ ಹತ್ತಿರ ಸಿಕ್ಕಿತು ಅಂತ ಅಲ್ಲಿ ನಿಲ್ಲಿಸೋದಲ್ಲ.

ಬೋರ್ಡಿನಲ್ಲಿ ಏನು ಬರೀಬೇಕು? 80 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ 22 ಮೀಟರ್. ಇನ್ನೂರು ಮೀಟರ್‌ನಿಂದ ಅಕ್ಷರ ಕಂಡರೆ ಓದೋಕೆ ಒಂಬತ್ತು ಸೆಕೆಂಡ್, ಅದರಲ್ಲಿ ಕೊನೆಯ ಎರಡು ಬೋರ್ಡಿನ ಕೆಳಗೆ ಹೋಗೋಷ್ಟರಲ್ಲಿ ನಷ್ಟ. ಉಳಿದ ಏಳರಲ್ಲಿ ಆರೇಳು ಪದ, ಅಷ್ಟೇ. ಇಲ್ಲೊಂದು ಕನ್ನಡದ್ದೇ ಪೇಚು ಇದೆ, ಟೆಂಡರ್ ಬರೆಯೋರಿಗೆ ಹೊಳೆಯೋದೇ ಇಲ್ಲ. ಇಂಗ್ಲಿಷ್ ದೊಡ್ಡಕ್ಷರ ಏಳು ಸಾಲು ಚುಕ್ಕಿಯಲ್ಲಿ ಮುಗಿಯುತ್ತೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ‘ರಸ್ತೆ ಮುಚ್ಚಿದೆ’ ಅಂತ ಬರೆದರೆ ಕೆಳಗಿನ ತ ಒತ್ತು, ಚ ಒತ್ತು ಬೋರ್ಡಿನ ಅಂಚಿಗೆ ಸಿಕ್ಕಿ ಕತ್ತರಿಸಿಹೋಗುತ್ತೆ, ಇಲ್ಲಾ ಒಂದು ಮುದ್ದೆ ಬೆಳಕಾಗುತ್ತೆ. ಚುಕ್ಕಿ ಸಾಲು ಜಾಸ್ತಿ ಇರೋ ಬೋರ್ಡು ಕೇಳಬೇಕು. ಅದು ಸಿಗದಿದ್ದರೆ ಒತ್ತಿಲ್ಲದ ಮಾತು ಹುಡುಕಬೇಕು: ‘ಮುಂದೆ ಅಪಘಾತ, ನಿಧಾನ’. ‘ಎಡಕ್ಕೆ’ ಬದಲು ‘ಎಡಗಡೆ ತಿರುಗಿ’. ಇಂಥ ಮೂವತ್ತು ನಲವತ್ತು ವಾಕ್ಯ ಮೊದಲೇ ಆರಿಸಿ, ಬೋರ್ಡಿನ ಮೇಲೆ ಹಾಕಿ, ಹಗಲು ಬಿಸಿಲಿಗೂ ರಾತ್ರಿಗೂ 200 ಮೀಟರ್ ದೂರ ನಿಂತು ಓದಿ ನೋಡಿ, ಸಿಸ್ಟಮ್‌ನಲ್ಲಿ ತುಂಬಿಡಬೇಕು. ಒಂದು ದಿನದ ಕೆಲಸ.

ಸಂದೇಶ ಹಾಕೋದು ಅರ್ಧ ಕೆಲಸ. ತೆಗೆಯೋರು ಯಾರು? ‘ಮುಂದೆ ಅಪಘಾತ’ ಅಂತ ಎರಡು ದಿನ ಹಂಗೇ ಉರಿದರೆ ಮೂರನೇ ದಿನ ನಿಜವಾಗಿ ಅಪಘಾತ ಆದಾಗ ಯಾರೂ ಬ್ರೇಕ್ ಮುಟ್ಟಲ್ಲ.

ಮತ್ತೆ ಜಾಗ ಹೇಳೋ ವಿಷಯ. ಹೆದ್ದಾರಿಯವರಿಗೆ ಕಿಲೋಮೀಟರ್ ಕಲ್ಲಿನ ಲೆಕ್ಕ ಬೇಕು. ಪೊಲೀಸರಿಗೆ ಠಾಣೆ ಸರಹದ್ದು ಬೇಕು. 108ರವರು ಹತ್ತಿರದ ಗುರುತು ಕೇಳ್ತಾರೆ. ಫೋನ್ ಮಾಡಿದ ಲಾರಿ ಡ್ರೈವರ್‌ಗೆ ಗೊತ್ತಿರೋದು ‘ಒಂದು ಡಾಬಾ ದಾಟಿದೆ, ಗಾಳಿ ಫ್ಯಾನ್ ಕಾಣ್ತಿದೆ’ ಅಷ್ಟೇ. ದುರ್ಗದ ಸುತ್ತ ಗಾಳಿ ಫ್ಯಾನ್ ಎಲ್ಲಿ ಕಾಣಲ್ಲ ಹೇಳಿ! ಇದಕ್ಕೆ ಬೇಕಾದದ್ದು ಒಂದು ಎಕ್ಸೆಲ್ ಹಾಳೆ. ನೂರು ಮೀಟರಿಗೊಂದು ಸಾಲು. ಪ್ರತಿ ಸಾಲಿನಲ್ಲಿ ಕಿಲೋಮೀಟರ್ ಗುರುತು, ಅಕ್ಷಾಂಶ ರೇಖಾಂಶ, ಹಳ್ಳಿ ಹೆಸರು, ಠಾಣೆ, ಡಿವೈಡರ್ ಮುಂದಿನ ತೆರಪು ಯಾವ ಕಡೆ, ಸರ್ವಿಸ್ ರೋಡಿಗೆ ಇಳಿಯೋದು ಎಲ್ಲಿ. ದುರ್ಗದಿಂದ ದಾವಣಗೆರೆಗೆ ಸುಮಾರು ಅರವತ್ತು ಕಿ.ಮೀ. ಅಂದ್ರೆ ಆರುನೂರು ಸಾಲು. ಡಿವೈಡರ್ ತೆರಪು ಬರೆದಿಲ್ಲ ಅಂದ್ರೆ ಆಂಬುಲೆನ್ಸ್ ಅಪಘಾತದ ಎದುರು ಬದಿಗೆ ಬಂದು ನಿಂತು, ಸ್ಟ್ರೆಚರ್ ಹಿಡಿದು ಕಬ್ಬಿಣದ ಬೇಲಿ ಹಾರಬೇಕಾಗುತ್ತೆ. ಕೋಟಿಗಟ್ಟಲೆ ಯೋಜನೆಯಲ್ಲಿ ಅತಿ ಅಗ್ಗದ ಭಾಗ ಇದು. ಅಗ್ಗ ಅಂತಲೇ ಯಾರಿಗೂ ಬೇಡ.

ವಾಹನ ಎಣಿಕೆಯ ಕಥೆ ಇನ್ನೊಂದು. ರಸ್ತೆಗಳ ಮಾನದಂಡ ಬರೆಯೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1972ರ ಮಾರ್ಗಸೂಚಿ ಐಆರ್‌ಸಿ 9 ಹೇಳೋದು ಸ್ಪಷ್ಟ ಇದೆ: ಏಳು ದಿನ ಸತತ, ದಿನದ 24 ಗಂಟೆ, ವರ್ಷಕ್ಕೆ ಕನಿಷ್ಠ ಎರಡು ಸಲ, ಒಂದು ಸಲ ಕೊಯ್ಲು ಮತ್ತು ಮಾರಾಟದ ಭರಾಟೆಯಲ್ಲಿ, ಇನ್ನೊಂದು ಸಲ ಬಿಡುವಿನ ಕಾಲದಲ್ಲಿ. ಬರೆದವರಿಗೆ ರೈತರ ಊರು ಗೊತ್ತಿತ್ತು. ಬೇಸಿಗೆಯಲ್ಲಿ ಮೂರು ದಿನ ಎಣಿಸಿ ಯೋಜನೆ ಮಾಡಿದರೆ ದಾವಣಗೆರೆಯ ಮೆಕ್ಕೆಜೋಳ ಅದರಲ್ಲಿ ಇರೋದೇ ಇಲ್ಲ. ಅಕ್ಟೋಬರ್ ನಂತರ ಎಪಿಎಂಸಿ ಕಡೆ ಸಾಲುಗಟ್ಟೋ ಟ್ರ್ಯಾಕ್ಟರ್, ಎರಡೆರಡು ಟ್ರೇಲರ್ ಎಳೆಯೋ ಕಬ್ಬಿನ ಗಾಡಿ, ರಸ್ತೆ ಅಂಚಿನಲ್ಲಿ ಒಣಗೋಕೆ ಹರವಿದ ಕಾಳು, ಎಲ್ಲ ಲೆಕ್ಕದ ಹೊರಗೆ. ಯಂತ್ರದ ಎಣಿಕೆಗೂ ಇದೇ ತೊಂದರೆ. ಟ್ರ್ಯಾಕ್ಟರ್ ಜೊತೆ ಎರಡು ಟ್ರೇಲರ್ ಕಂಡರೆ ಸಾಫ್ಟ್‌ವೇರ್ ಅದನ್ನ ಒಂದು ಸಲ ಉದ್ದ ಲಾರಿ ಅನ್ನುತ್ತೆ, ಇನ್ನೊಂದು ಸಲ ಮೂರು ವಾಹನ ಅನ್ನುತ್ತೆ. ನಮ್ಮ ರಸ್ತೆಯ ವೀಡಿಯೋ ತಗೊಂಡು, ಕೈಯಲ್ಲಿ ಎಣಿಸಿದ ಲೆಕ್ಕದ ಜೊತೆ ತಾಳೆ ನೋಡದೆ ಯಂತ್ರವನ್ನ ಒಪ್ಕೋಬಾರದು.

ಕಂಬದ ಬಗ್ಗೆ ಒಂದು ಮಾತು. ಎರೆಭೂಮಿ ಇರೋ ಕಡೆ ಮಳೆಗೆ ಮಣ್ಣು ಉಬ್ಬುತ್ತೆ, ಬೇಸಿಗೆಗೆ ಬಿರುಕು ಬಿಡುತ್ತೆ. ಬುನಾದಿ ಆಳ ಇಲ್ಲದಿದ್ದರೆ ಕಂಬ ವರ್ಷದೊಳಗೆ ಒಂದಿಷ್ಟು ವಾಲುತ್ತೆ. ಸಾದಾ ಕ್ಯಾಮೆರಾ ಆದರೆ ತಿರುಗಿಸಿಕೊಳ್ಳಬಹುದು. ವೇಗ ಅಳೆಯೋ ಕ್ಯಾಮೆರಾ ಆದರೆ ಅಳತೆಯೇ ತಪ್ಪು. 2021ರಲ್ಲಿ ಬಂದ ಮೋಟಾರು ವಾಹನ ನಿಯಮ 167ಎ ಪ್ರಕಾರ ಇಂಥ ಉಪಕರಣಕ್ಕೆ ಪ್ರಮಾಣಪತ್ರ ಬೇಕು, ಅದನ್ನ ವರ್ಷ ವರ್ಷ ನವೀಕರಿಸಬೇಕು. ದಂಡದ ನೋಟಿಸ್ 15 ದಿನದೊಳಗೆ ಹೋಗಬೇಕು ಅಂತಲೂ 2021ರಲ್ಲಿ ಆ ನಿಯಮ ಹೇಳಿತ್ತು. ಇವೆರಡನ್ನೂ ಮಾಡೋ ಮನುಷ್ಯರು ಯಾರು ಅಂತ ಕೇಳಿದರೆ ಎಲ್ಲರೂ ಪಕ್ಕದವರ ಮುಖ ನೋಡ್ತಾರೆ.

ಮನುಷ್ಯರು ಅಂದೆ ನೋಡಿ. ಕಂಟ್ರೋಲ್ ರೂಮಿನ ಒಂದು ಕುರ್ಚಿ ವಾರಕ್ಕೆ 168 ಗಂಟೆ ತುಂಬಿರಬೇಕು. ಒಬ್ಬರಿಗೆ 48 ಗಂಟೆ ಅಂದ್ರೆ ಮೂರೂವರೆ ಜನ, ರಜೆ ಗಿಜೆ ಸೇರಿಸಿದರೆ ಐದು. ಯೋಜನೆಯಲ್ಲಿ ನಾಲ್ಕು ಕುರ್ಚಿ ತೋರಿಸಿ ಆರು ಜನರಿಗೆ ಸಂಬಳ ಬರೆದಿದ್ದರೆ ರಾತ್ರಿ ಪಾಳಿ ಖಾಲಿ ಅಂತಲೇ ಅರ್ಥ. ಅತ್ತ ಸೆಕೆಂಡಿಗೆ 4 ಮೆಗಾಬಿಟ್ ಕಳಿಸೋ ಒಂದು ಕ್ಯಾಮೆರಾ ದಿನಕ್ಕೆ 43 ಜಿಬಿ ವೀಡಿಯೋ ತುಂಬುತ್ತೆ. ಅರವತ್ತು ಕ್ಯಾಮೆರಾ, ಮೂವತ್ತು ದಿನ, ಹತ್ತಿರ ಹತ್ತಿರ 78 ಟಿಬಿ. ಡಿಸ್ಕಿಗೆ ದುಡ್ಡಿದೆ, ಕಣ್ಣಿಗಿಲ್ಲ.

ಸರಿ, ‘ಬೆಂಗಳೂರು-ಮೈಸೂರು ಹೈವೇಯಲ್ಲಿ ಕ್ಯಾಮೆರಾ ಹಾಕಿದ ಮೇಲೆ ಸಾವು ಇಳಿಯಲಿಲ್ಲವಾ?’ ಅಂತ ಕೇಳೋರಿದ್ದಾರೆ. ಇಳಿದಿದೆ, ನಿಜ. ಆದರೆ ಅಲ್ಲಿ 2023ರ ಆಗಸ್ಟ್ 1ರಿಂದಲೇ ಬೈಕು, ಆಟೋ, ಟ್ರ್ಯಾಕ್ಟರನ್ನ ಮುಖ್ಯ ರಸ್ತೆಯಿಂದ ಹೊರಗಿಟ್ಟಿದ್ದರು. ವೇಗದ ಮಿತಿಗೆ ಪೊಲೀಸರು ರಸ್ತೆಗೇ ಇಳಿದಿದ್ದರು. ಆಮೇಲೆ ಕ್ಯಾಮೆರಾ ಜೋರಾಗಿ ಬಂತು. ಕ್ಯಾಮೆರಾ ಹಿಂದೆ ಒಂದು ನಿರ್ಧಾರ ಇತ್ತು, ಕೈ ಇತ್ತು. ಆ ಕ್ಯಾಮೆರಾ ಮಾತ್ರ ಕಿತ್ತು ತಂದು ದುರ್ಗ-ದಾವಣಗೆರೆ ಮಧ್ಯದ ಭರಮಸಾಗರದಲ್ಲಿ ನೆಟ್ಟರೆ ಟ್ರ್ಯಾಕ್ಟರಿನ ಫೋಟೋ ಚೆನ್ನಾಗಿ ಬರುತ್ತೆ.

ಒಪ್ಕೋತೀನಿ, ಉಪಕರಣಗಳ ಮೇಲೆ ನನಗೂ ಮೋಹ ಇದೆ. ಹೊಸ ರಾಡಾರ್ ಡಬ್ಬಿ ಕಂಡರೆ ಬಿಚ್ಚಿ ನೋಡೋ ಆಸೆ. ಹೆದ್ದಾರಿ ಪ್ರಾಧಿಕಾರದ 2023ರ ನೀತಿಯಲ್ಲಿ 14 ಬಗೆಯ ಘಟನೆ ತಾನಾಗೇ ಗುರುತಿಸೋ ಕ್ಯಾಮೆರಾ 10 ಕಿ.ಮೀ.ಗೊಂದು, ಕಮಾಂಡ್ ಸೆಂಟರ್ 100 ಕಿ.ಮೀ.ಗೊಂದು ಅಂತ ಓದಿದಾಗ ಖುಷಿಯೇ ಆಯ್ತು. ಆಮೇಲೆ ಹಾಳಾದ್ದು ಅದೇ ಪ್ರಶ್ನೆ: ಗುರುತಿಸಿತು, ಸರಿ, ಹೇಳೋದು ಯಾರಿಗೆ?

ಊರೊಳಗೂ ಹಿಂಗೇ. ಸಿಗ್ನಲ್‌ಗೆ ‘ಅಡಾಪ್ಟಿವ್’, ಅಂದ್ರೆ ದಟ್ಟಣೆ ನೋಡಿ ತಾನೇ ಸಮಯ ಬದಲಿಸೋದು, ಅಂತ ಹೆಸರಿಟ್ಟರೆ ಪವಾಡ ಆಗಲ್ಲ. ಸಿಗ್ನಲ್ಲಿನ ಒಂದು ಪೂರ್ತಿ ಸುತ್ತು ಎಷ್ಟು ಸೆಕೆಂಡ್ ಇರಬೇಕು ಅಂತ ಹೇಳೋ ವೆಬ್‌ಸ್ಟರ್ ಸೂತ್ರ ಹಳೇದು, ಸುಲಭದ್ದು: ಒಂದು ಸುತ್ತಿನಲ್ಲಿ ವ್ಯರ್ಥವಾಗೋ ಸೆಕೆಂಡಿನ ಒಂದೂವರೆ ಪಟ್ಟಿಗೆ 5 ಕೂಡಿಸಿ, ರಸ್ತೆ ಎಷ್ಟು ಪಾಲು ತುಂಬಿದೆ ಅನ್ನೋದನ್ನ ಒಂದರಿಂದ ಕಳೆದು, ಅದರಿಂದ ಭಾಗಿಸಿ. ನಾಲ್ಕು ಹಂತಕ್ಕೆ 16 ಸೆಕೆಂಡ್ ವ್ಯರ್ಥ, ತುಂಬಿದ್ದು 0.7 ಪಾಲು ಆದರೆ ಸುತ್ತು 97 ಸೆಕೆಂಡ್. ಅದೇ 0.9 ಆದರೆ 290 ಸೆಕೆಂಡ್, ಅಂದ್ರೆ ಆ ಸರ್ಕಲ್ ಕೈಮೀರಿದೆ. ದಾವಣಗೆರೆಯ ಪಿ.ಬಿ. ರೋಡಿನ ಯಾವುದೇ ಸರ್ಕಲ್ ಆಗಲಿ, ಸ್ಟಾಪ್ ಲೈನ್ ದಾಟಿದ ಕೂಡಲೇ ಬಸ್ಸು ನಿಂತು ಜನ ಹತ್ತಿಸಿಕೊಂಡರೆ ಹಸಿರು ಇದ್ದೂ ಒಂದು ಲೇನ್ ಸತ್ತಂಗೆ. ಬಸ್ ನಿಲ್ದಾಣವನ್ನ ಎಪ್ಪತ್ತು ಎಂಬತ್ತು ಮೀಟರ್ ಮುಂದಕ್ಕೆ ಹಾಕಿ, ಆಮೇಲೆ ಸಾಫ್ಟ್‌ವೇರ್ ಮಾತಾಡೋಣ.

ಇನ್ನು ಆ ಟ್ರೇಲರ್. ಅದಕ್ಕೆ ಜಿಪಿಎಸ್ ಇಲ್ಲ, ಹಿಂದೆ ನಂಬರ್ ಪ್ಲೇಟ್ ಕೂಡ ಇಲ್ಲ, ನಾಳೆಯೂ ಬರಲ್ಲ. ಆದರೆ ಬಹುಪಾಲು ಟ್ರೇಲರ್‌ಗಳು ಸೀಸನ್ನಿನಲ್ಲಿ ಒಂದಲ್ಲ ಒಂದು ವೇ ಬ್ರಿಡ್ಜ್ (ಗಾಡಿ ತೂಕದ ಕಟ್ಟೆ) ಮೇಲೆ ಹತ್ತೇ ಹತ್ತುತ್ತವೆ. ರಾಶಿ ಶುರುವಾಗೋ ಮೊದಲು ಎಪಿಎಂಸಿ ಗೇಟಿನ ಚೀಟಿ ಕೊಡೋ ಕಿಟಕಿಯಲ್ಲಿ ಒಂದು ರೋಲ್ ಕೆಂಪು ರಿಫ್ಲೆಕ್ಟರ್ ಟೇಪು, ಒಂದು ಕತ್ತರಿ, ಒರೆಸೋಕೆ ಒಣ ಬಟ್ಟೆ ಇಡ್ರಿ. ಹಿಂದಿನ ಹಲಗೆಯ ಧೂಳು ಒರೆಸಿ, ಅಡ್ಡಕ್ಕೆ ಒಂದು ಉದ್ದ ಪಟ್ಟಿ, ಎರಡು ಮೂಲೆಗೆ ನಿಂತ ಪಟ್ಟಿ. ಧೂಳಿನ ಮೇಲೆ ಅಂಟಿಸಿದರೆ ಎರಡನೇ ಟ್ರಿಪ್ಪಿಗೇ ಉದುರುತ್ತೆ, ಅದಕ್ಕೇ ಬಟ್ಟೆ ಅಂದದ್ದು.