ಕೊಂಡು ವರ್ಷಗಳಾದ ಕಾರಿಗೆ ಹೊಸ ತೆರಿಗೆ: ಒಂದು ಲಿಖಿತ ಪ್ರಶ್ನೆಯ ಕೆಲಸ

“ಕೂಗಾಡಿ ಸಭಾತ್ಯಾಗ ಮಾಡೋದು ಬಿಟ್ಟರೆ ವಿರೋಧ ಪಕ್ಷದ ಕೈಲಿ ಏನಿದೆ?” ಬೆಳಗ್ಗೆಯಿಂದ ಗೆಳೆಯರ ಚರ್ಚೆಯಲ್ಲಿ ಈ ಮಾತನ್ನು ಓದಿ ಓದಿ ತಲೆ ಕೆಟ್ಟಿದೆ. ಕೈಲಿ ಬಹಳ ಇದೆ ಸ್ವಾಮಿ. 2008ರಲ್ಲಿ ಬ್ರಿಟನ್ನಿನಲ್ಲಿ ನಡೆದ ಕಾರು ತೆರಿಗೆಯ ಜಗಳವನ್ನು ಒಮ್ಮೆ ನೋಡಿ.

ನಮ್ಮಲ್ಲಿ ನೋಂದಣಿಯ ಹೊತ್ತಿಗೇ ಗಾಡಿಯ ಬೆಲೆ ನೋಡಿ ಜೀವಿತಾವಧಿ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ. ಅಲ್ಲಿ ಪ್ರತಿ ವರ್ಷ ಕಟ್ಟಬೇಕು. 2001ರ ಮಾರ್ಚ್ 1ರಿಂದ ಈಚೆಗೆ ನೋಂದಣಿಯಾದ ಕಾರುಗಳಿಗೆ ಕಿಲೋಮೀಟರಿಗೆ ಎಷ್ಟು ಗ್ರಾಂ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ ಎಂಬುದರ ಮೇಲೆ ಆಗ ದರ ಇತ್ತು. 2008ರಲ್ಲಿ ಎ ಇಂದ ಜಿ ವರೆಗೆ ಏಳು ಬ್ಯಾಂಡ್, ಅಂದರೆ ದರದ ಹಂತಗಳು, ಇದ್ದವು. 225 ಗ್ರಾಂ ದಾಟಿದರೆ ಜಿ ಬ್ಯಾಂಡ್, ವರ್ಷಕ್ಕೆ 400 ಪೌಂಡ್. ಆದರೆ ಈ ಜಿ ಬ್ಯಾಂಡ್ 2006ರ ಮಾರ್ಚ್ 23ರಿಂದ ನೋಂದಣಿಯಾದ ಗಾಡಿಗಳಿಗೆ ಮಾತ್ರ. ಅದಕ್ಕಿಂತ ಹಿಂದಿನವು ಎಷ್ಟೇ ಹೊಗೆ ಬಿಡಲಿ, ಎಫ್ ಬ್ಯಾಂಡಿನ 210 ಪೌಂಡಿಗೆ ನಿಲ್ಲುತ್ತಿದ್ದವು. ಕೊಳ್ಳುವಾಗ ಇಲ್ಲದ ದರವನ್ನು ಆಮೇಲೆ ಹೇರಬಾರದು ಎಂಬ ಸರಳ ನ್ಯಾಯ ಅದು.

2008ರ ಮಾರ್ಚ್ 12ರ ಬಜೆಟ್‌ನಲ್ಲಿ ಹಣಕಾಸು ಸಚಿವ ಅಲಿಸ್ಟೇರ್ ಡಾರ್ಲಿಂಗ್ ಆ ನ್ಯಾಯವನ್ನೇ ತೆಗೆದುಹಾಕಲು ಹೊರಟರು. ಏಳು ಬ್ಯಾಂಡ್ ಹದಿಮೂರಾಗಬೇಕು, ಎ ಇಂದ ಎಂ ವರೆಗೆ; ಹೊಸ ದರ 2001ರ ಮಾರ್ಚ್‌ನಿಂದ ಈಚಿನ ಹಳೆಯ ಕಾರುಗಳಿಗೂ ಹತ್ತಬೇಕು. 210 ಕಟ್ಟುತ್ತಿದ್ದ ಗಾಡಿಗಳಲ್ಲಿ ಕೆಲವಕ್ಕೆ 2010ರ ಹೊತ್ತಿಗೆ 455 ಪೌಂಡ್! 2002ರಲ್ಲಿ ಕಾರು ಕೊಂಡವರು 2008ರ ಬಜೆಟ್ಟನ್ನು ಕನಸಿನಲ್ಲಿ ಕಂಡಿರಬೇಕಿತ್ತೇ?

225 ಗ್ರಾಂ ಅಂದರೆ ಏನೋ ರಾಕ್ಷಸ ಗಾಡಿ ಅಂದುಕೊಳ್ಳಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಲೆಕ್ಕ ಹಾಕಿದರೆ 225 ಗ್ರಾಂ ಅಂದರೆ ಲೀಟರಿಗೆ ಹೆಚ್ಚುಕಡಿಮೆ ಹತ್ತು ಕಿಲೋಮೀಟರ್ ಮೈಲೇಜ್. ಮಕ್ಕಳು ಮರಿ ಇರುವ ಮನೆಯವರು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುತ್ತಿದ್ದ ಏಳು ಸೀಟಿನ ಆಟೊಮ್ಯಾಟಿಕ್ ಪೆಟ್ರೋಲ್ ಗಾಡಿಗಳೂ ಇದರಲ್ಲಿ ಸಿಕ್ಕಿಬೀಳುತ್ತಿದ್ದವು.

ಹೊಗೆ ಬಿಡುವವರು ಕಟ್ಟಲಿ ಬಿಡಿ, ಪರಿಸರಕ್ಕೆ ಒಳ್ಳೆಯದು ಎನ್ನುವವರಿಗೆ ಒಂದು ಲೆಕ್ಕ. 240 ಗ್ರಾಂ ಬಿಡುವ ಹಳೆಯ ಕಾರನ್ನು ವರ್ಷಕ್ಕೆ 5,000 ಕಿ.ಮೀ. ಓಡಿಸಿದರೆ 1,200 ಕೆಜಿ. 150 ಗ್ರಾಂ ಬಿಡುವ ಕಾರನ್ನು 25,000 ಕಿ.ಮೀ. ಓಡಿಸಿದರೆ 3,750 ಕೆಜಿ. ಮೂರು ಪಟ್ಟು ಹೊಗೆ ಬಿಟ್ಟ ಈ ಎರಡನೆಯ ಕಾರಿಗೆ 2008ರ ದರ 120 ಪೌಂಡ್. ಮೊದಲನೆಯದಕ್ಕೆ ಹೊಸ ಯೋಜನೆಯಲ್ಲಿ 400ಕ್ಕೂ ಮೇಲೆ. ಇದು ಯಾವ ಪರಿಸರದ ಲೆಕ್ಕ? ಓಡಿಸಿದಷ್ಟು ಕಟ್ಟುವ ವ್ಯವಸ್ಥೆ ಪೆಟ್ರೋಲ್ ಬಂಕಿನಲ್ಲಿ ಆಗಲೇ ಇತ್ತು. ಲೀಟರಿಗೆ 50.35 ಪೆನ್ಸ್ ಇಂಧನ ಸುಂಕ. ಮೊದಲನೆಯವರು ಸುಮಾರು 520 ಲೀಟರಿಗೆ ಕಟ್ಟುತ್ತಾರೆ, ಎರಡನೆಯವರು ಸುಮಾರು 1,630 ಲೀಟರಿಗೆ. ಅದು ನ್ಯಾಯ.

ಹಾಗಾದರೆ ಹಳೆಯದನ್ನು ಮಾರಲಿ ಅನ್ನುತ್ತೀರಾ? ಯಾರಿಗೆ? ಕೊಳ್ಳುವವರೂ ಅದೇ 455 ಕಟ್ಟಬೇಕಲ್ಲ. ಅವರು ಅಷ್ಟನ್ನೂ ಬೆಲೆಯಲ್ಲಿ ಮುರಿದುಕೊಂಡೇ ಕೇಳುತ್ತಾರೆ. ತೆರಿಗೆಯ ಜೊತೆ ಗಾಡಿಯ ಬೆಲೆಯೂ ಹೋಯಿತು, ಗಾಡಿ ಮಾತ್ರ ರಸ್ತೆಯ ಮೇಲೇ ಉಳಿಯಿತು. ಹೊಸದಾಗಿ ಕೊಳ್ಳುವವರಿಗೆ ದರ ಏರಿಸಿ, ತಕರಾರಿಲ್ಲ. ಅವರಿಗೆ ಷೋರೂಮಿನಲ್ಲಿ ಬೇರೆ ಕಾರು ಆರಿಸಲು ಅವಕಾಶ ಇದೆ. ಕೊಂಡು ಆರು ವರ್ಷ ಆದವರಿಗೆ ಏನಿದೆ?

ಈಗ ವಿರೋಧ ಪಕ್ಷದ ಕೆಲಸಕ್ಕೆ ಬರೋಣ. ಬಹುಪಾಲು ಜನರಿಗೆ ಇದರಿಂದ ಲಾಭ ಎಂದು ಪ್ರಧಾನಿ ಗಾರ್ಡನ್ ಬ್ರೌನ್ ಸಂಸತ್ತಿನಲ್ಲಿ ಹೇಳಿದ್ದರು. ಆಗ ವಿರೋಧದಲ್ಲಿದ್ದ ಕನ್ಸರ್ವೇಟಿವ್ ಪಕ್ಷದ ಜಸ್ಟಿನ್ ಗ್ರೀನಿಂಗ್, ಪಟ್ನಿ ಕ್ಷೇತ್ರದ ಸಂಸದೆ, ಓದಿದ್ದು ಲೆಕ್ಕಪತ್ರ, ಲಿಖಿತ ಪ್ರಶ್ನೆ ಹಾಕಿದರು: ಎಷ್ಟು ಗಾಡಿಗಳಿಗೆ ಏರುತ್ತದೆ, ಎಷ್ಟಕ್ಕೆ ಇಳಿಯುತ್ತದೆ? ಜುಲೈನಲ್ಲಿ ಖಜಾನೆಯ, ಅಂದರೆ ಅಲ್ಲಿನ ಹಣಕಾಸು ಇಲಾಖೆಯ, ಉತ್ತರ ಬಂತು. 94 ಲಕ್ಷ ಕಾರುಗಳಿಗೆ ಏರಿಕೆ, ಅಂದರೆ ನೂರರಲ್ಲಿ 43. ಇಳಿಯುವುದು ಐದರಲ್ಲಿ ಒಂದಕ್ಕೂ ಇಲ್ಲ. ಪ್ರಧಾನಿಯ ಮಾತನ್ನು ಪ್ರಧಾನಿಯದೇ ಖಜಾನೆ ಸುಳ್ಳು ಮಾಡಿತು! ವಿರೋಧ ಪಕ್ಷದ ಅಂದಾಜು ಎಂದು ತಳ್ಳಿಹಾಕಲು ಇನ್ನು ಜಾಗವೇ ಇರಲಿಲ್ಲ. ಆಡಳಿತದಲ್ಲಿದ್ದ ಲೇಬರ್ ಪಕ್ಷದ ಹಿಂದಿನ ಬೆಂಚಿನವರೂ, ಅಂದರೆ ಸಚಿವರಲ್ಲದ ಸಂಸದರೂ, ತಮ್ಮ ಸರ್ಕಾರದ ವಿರುದ್ಧ ದನಿ ಎತ್ತಿದ್ದರು.

ಉಪಚುನಾವಣೆ ಸೋತಿದ್ದಕ್ಕೆ, ಆರ್ಥಿಕ ಕುಸಿತ ಬಂದಿದ್ದಕ್ಕೆ ಸರ್ಕಾರ ಬಗ್ಗಿತು ಎನ್ನುವವರಿದ್ದಾರೆ. ಮೇನಲ್ಲಿ ಕ್ರೂ ಅಂಡ್ ನ್ಯಾಂಟ್‌ವಿಚ್ ಕ್ಷೇತ್ರ ಲೇಬರ್ ಕೈತಪ್ಪಿದ್ದು ನಿಜ. ಆದರೆ ಹೆದರಿದ ಸರ್ಕಾರ ನೂರು ಯೋಜನೆಗಳಲ್ಲಿ ಯಾವುದನ್ನು ಬಿಡುತ್ತದೆ? ಯಾವುದರ ನಷ್ಟ ಕಾಗದದ ಮೇಲೆ ಬಂದಿದೆಯೋ ಅದನ್ನು. ನವೆಂಬರ್ 24ರಂದು ಡಾರ್ಲಿಂಗ್ ಹಿಂದೆ ಸರಿದರು. 2009ರಲ್ಲಿ ಏರಿಕೆ ಹೆಚ್ಚೆಂದರೆ 5 ಪೌಂಡ್, 2010ರಲ್ಲಿ ಹೆಚ್ಚೆಂದರೆ 30. 225 ಗ್ರಾಂ ದಾಟಿದ ಹಳೆಯ ಕಾರುಗಳು ಹೊಸ ಪಟ್ಟಿಯ ಕೆ ಬ್ಯಾಂಡಿನಲ್ಲಿ ನಿಂತವು. 210 ಇದ್ದದ್ದು 215, ಆಮೇಲೆ 245.

ಆ ಜಗಳದ ಗುರುತು ದರಪಟ್ಟಿಯಲ್ಲಿ ಇನ್ನೂ ಇದೆ. 225 ಗ್ರಾಂ ದಾಟಿದ್ದರೂ 2006ರ ಮಾರ್ಚ್ 23ಕ್ಕೆ ಮೊದಲು ನೋಂದಣಿಯಾಗಿದ್ದರೆ ಕೆ ಬ್ಯಾಂಡ್ ಎಂಬ ಟಿಪ್ಪಣಿ. 2024-25ರಲ್ಲಿ ಕೆ ಬ್ಯಾಂಡಿಗೆ 415 ಪೌಂಡ್, 255 ಗ್ರಾಂ ದಾಟಿದ ಎಂ ಬ್ಯಾಂಡಿಗೆ 735. ಅಲ್ಲಿರುವ ನಮ್ಮವರು ಆ ಕಾಲದ ದೊಡ್ಡ ಗಾಡಿ ಕೊಳ್ಳುವುದಾದರೆ ವಿ5ಸಿ ಎಂಬ ನೋಂದಣಿ ಪತ್ರ ಕೈಗೆ ತೆಗೆದುಕೊಂಡು ಎರಡೇ ಜಾಗ ನೋಡಿ. ಬಿ ಎಂದಿರುವಲ್ಲಿ ಮೊದಲ ನೋಂದಣಿಯ ದಿನ, ವಿ.7 ಎಂದಿರುವಲ್ಲಿ ಗ್ರಾಂ ಲೆಕ್ಕ. 255 ಗ್ರಾಂ ದಾಟಿದ ಒಂದೇ ಮಾಡೆಲ್‌ನ ಎರಡು ಕಾರು ಪಕ್ಕಪಕ್ಕ ನಿಂತಿವೆ ಅನ್ನಿ, ಒಂದು 2006ರ ಮಾರ್ಚ್ 20ರದು, ಇನ್ನೊಂದು 27ರದು. ಆ ಒಂದು ವಾರಕ್ಕೆ, 2024-25ರ ದರದಲ್ಲಿ, ವರ್ಷಕ್ಕೆ 320 ಪೌಂಡ್ ವ್ಯತ್ಯಾಸ.